ಮೂಡುಗಾಳಿಯ ವಾರ

ಮಾಗಿಯಲ್ಲಿ ಕರಾವಳಿಯ ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಕಾಣುವುದು ಅಂಗಳದ ಅಡಿಕೆ. ಮರದಿಂದ ಇಳಿದ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೇ ಪದರದಲ್ಲಿ ಹರಡಿರುತ್ತಾರೆ. ಮೊದಲ ವಾರ ಕೇಸರಿ ಬಣ್ಣ, ಮೂರನೆಯ ವಾರಕ್ಕೆ ಕಂದು. ಆಮೇಲೆ ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಅಡಿಕೆ ಗಡಗಡ ಸದ್ದು ಮಾಡಬೇಕು, ಆಗ ಒಣಗಿತು ಎಂದರ್ಥ. ಚಾಲಿ ಅಡಿಕೆಗೆ 40ರಿಂದ 45 ಬಿಸಿಲು ಬೇಕು. ಇಲ್ಲಿ ಯಾರೂ ದಿನ ಎಣಿಸುವುದಿಲ್ಲ, ಬಿಸಿಲು ಎಣಿಸುತ್ತಾರೆ. “ಆ ಮೂಲೆಯದಕ್ಕೆ ಇಪ್ಪತ್ತು ಬಿಸಿಲಾಯಿತು, ಇದಕ್ಕೆ ಇನ್ನೂ ಐದೇ” ಎಂಬುದು ಡಿಸೆಂಬರ್, ಜನವರಿಯ ಲೆಕ್ಕ. ಮೋಡ ಮುಚ್ಚಿದ ದಿನ ಆ ಲೆಕ್ಕಕ್ಕೆ ಸೇರುವುದಿಲ್ಲ.

ಘಟ್ಟದ ಮೇಲೆ ಕಾಫಿ ತೋಟ ಮಾಡಿಕೊಂಡಿರುವ ನನ್ನ ಭಾವ ಈ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಾನೆ. “ಭಾವ, ಇಲ್ಲಿ ಬೆಳಿಗ್ಗೆ ಒಲೆ ಮುಂದಿನಿಂದ ಏಳೋಕೆ ಮನಸ್ಸಾಗಲ್ಲ. ನಿಮ್ಮಲ್ಲಿ ಹೇಗೆ?” ನನ್ನ ಉತ್ತರವೂ ಹೆಚ್ಚು ಕಡಿಮೆ ಅದೇ: “ಇಲ್ಲಿ ಮಧ್ಯಾಹ್ನ ಫ್ಯಾನಿನ ಅಡಿಯಿಂದ ಏಳಲಿಕ್ಕೆ ಆಗುವುದಿಲ್ಲ ಮಾರಾಯ.” ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಘಾಟಿ ರಸ್ತೆ. ಆದರೂ ಇಬ್ಬರೂ ಕಾಯುವುದು ಒಂದೇ ಮುನ್ಸೂಚನೆಗೆ.

ಆ ಮುನ್ಸೂಚನೆಯ ಭಾಷೆಯನ್ನು ನಾವು ಬಿಡಿಸಿ ಓದುವುದು ಕಡಿಮೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಪಾಲು ಮಾಡಿಕೊಂಡಿದೆ. ಮಲೆನಾಡು ಎಂಬ ಪಾಲು ಅದರಲ್ಲಿಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗಗಳು ಕೋಲಾರದ ಜೊತೆಗೆ ದಕ್ಷಿಣ ಒಳನಾಡಿನಲ್ಲಿವೆ. ಘಟ್ಟದ ಮೇಲಿರುವ ಶಿರಸಿ, ಸಿದ್ದಾಪುರಗಳು ಉತ್ತರ ಕನ್ನಡ ಜಿಲ್ಲೆಗೆ ಸೇರಿದ ಕಾರಣಕ್ಕೆ ಕರಾವಳಿಯಾಗಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಲೆನಾಡನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ, ಇಲಾಖೆಯೂ ಈಗ ಜಿಲ್ಲಾವಾರು ಸೂಚನೆ ಕೊಡುತ್ತದೆ. ಆದರೂ ಟಿ.ವಿ., ರೇಡಿಯೊದಲ್ಲಿ ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಆ ಮೂರು ಪಾಲಿನ ವಾಕ್ಯವೇ.

“ಕರಾವಳಿಯ ಒಂದೆರಡು ಕಡೆ ಹಗುರ ಮಳೆ ಸಂಭವ” ಎಂಬ ಸಾಲನ್ನೇ ನೋಡಿ. ಇಲ್ಲಿ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ, ‘ಹಲವು ಕಡೆ’ ಎಂದರೆ ಮುಕ್ಕಾಲು, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ‘ಹಗುರ’ಕ್ಕೂ ಅಳತೆಯಿದೆ: ದಿನಕ್ಕೆ 2.5ರಿಂದ 15.5 ಮಿಲಿಮೀಟರ್. 64.5 ದಾಟಿದರೆ ‘ಭಾರಿ’. ದಿನ ಎಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆಯವರೆಗೆ.

ಈ ಅಳತೆ ನೀರಿನ ಪ್ರಮಾಣದ್ದು. ಹೊಳೆ ಎಷ್ಟು ಏರೀತು, ರಸ್ತೆ ಮುಳುಗೀತೇ ಎಂದು ಕೇಳುವವರಿಗೆ ಅದು ಸರಿಯಾದ ಅಳತೆ. ಮಾಗಿಯಲ್ಲಿ ನಮ್ಮ ಪ್ರಶ್ನೆ ಬೇರೆ: ಬಯಲಿನಲ್ಲಿ ಏನು ಹರಡಿದೆ? ಮೂವತ್ತು ಬಿಸಿಲು ತಿಂದ ಅಡಿಕೆಗೆ ಎರಡು ಮಿಲಿಮೀಟರ್ ಹನಿ ಬಿದ್ದರೂ ಒಳಗೆ ಬೂಸ್ಟು ಹಿಡಿಯುವ ಭಯ. ಅದೇ ಎರಡು ಮಿಲಿಮೀಟರ್ ಭಾವನ ಕಾಫಿ ಗಿಡಕ್ಕೆ ಎಲೆ ತೊಳೆದ ಹಾಗೆ, ಅಷ್ಟೇ. ಆದರೆ ರೊಬಸ್ಟಾ ಹಣ್ಣು ಇನ್ನೂ ಗಿಡದಲ್ಲಿರುವಾಗ ಜನವರಿಯಲ್ಲಿ ಒಂದು ಇಂಚು ಮಳೆಯಾದರೆ ಅವನಿಗೆ ನಿದ್ದೆ ಬರುವುದಿಲ್ಲ. ಮಾಗಿದ ಹಣ್ಣು ಬಿರಿದು ನೆಲಕ್ಕುದುರುತ್ತದೆ. ಫೆಬ್ರುವರಿ, ಮಾರ್ಚ್‌ನ ಹೂಮಳೆಗೆ ಅರಳಬೇಕಾದ ಮೊಗ್ಗು ಹೊತ್ತಲ್ಲದ ಹೊತ್ತಿನಲ್ಲಿ ಅರಳುತ್ತದೆ, ಹಣ್ಣು ಕೊಯ್ಯುವ ಕೈಗಳೇ ಹೂವನ್ನೂ ಉದುರಿಸುತ್ತವೆ. ಕಣದಲ್ಲಿ ಒಣಗುತ್ತಿರುವ ಕಾಫಿ ಚೆರಿಯ ಪಾಡು ನಮ್ಮ ಅಡಿಕೆಯದೇ. ಇಲಾಖೆಯ ‘ಸಾಧಾರಣ ಮಳೆ’ ಎಂಬ ಒಂದು ಮಾತಿಗೆ ಘಟ್ಟದ ಮೇಲೊಂದು ಅರ್ಥ, ಕೆಳಗೊಂದು ಅರ್ಥ.

ಬಿಸಿಲಿನ ವಿಷಯವೂ ಹೀಗೆಯೇ. ಉತ್ತರ ಭಾರತ ನಡುಗುವ ಜನವರಿಯಲ್ಲಿ ಇಡೀ ದೇಶದ ಅತಿ ಹೆಚ್ಚು ಉಷ್ಣತೆ ಕಾರವಾರದಲ್ಲೋ ಹೊನ್ನಾವರದಲ್ಲೋ ಪಣಂಬೂರಿನಲ್ಲೋ ದಾಖಲಾಗುವುದು ಅಪರೂಪವಲ್ಲ. ಕಡಲ ಬದಿಯ ಊರು ಅಷ್ಟು ಕಾಯುವುದೇಕೆ? ಚಳಿಗಾಲದ ಗಾಳಿ ಮೂಡಣದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತದೆ. ಒಣಗಾಳಿ ಘಟ್ಟ ಇಳಿಯುವಾಗ ಕೆಳಗಿನ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ. ಮೇಲೆ 28 ಡಿಗ್ರಿ ಇದ್ದ ಗಾಳಿ 600 ಮೀಟರ್ ಇಳಿದು ಬರುವಷ್ಟರಲ್ಲಿ 34 ಮುಟ್ಟಿರುತ್ತದೆ. ಮೂಡುಗಾಳಿ ಜೋರಾಗಿದ್ದ ದಿನ ಪಡುಗಾಳಿ, ಅಂದರೆ ಕಡಲಗಾಳಿ, ಒಳಗೆ ಬರಲು ತಡವಾಗುತ್ತದೆ. ಪಡುಗಾಳಿ ಹನ್ನೊಂದಕ್ಕೆ ಬಂದರೆ ಒಂದು ಬಗೆಯ ಮಧ್ಯಾಹ್ನ, ಎರಡಕ್ಕೆ ಬಂದರೆ ಇನ್ನೊಂದು ಬಗೆಯದು.

ರಾತ್ರಿ ಲೆಕ್ಕ ತಿರುಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ, ನೀರಿನಂತೆ ಇಳಿಜಾರು ಹಿಡಿದು ಬೈಲಿಗೆ ಹರಿದು ನಿಲ್ಲುತ್ತದೆ. ಅದಕ್ಕೇ ಮಲೆನಾಡಿನಲ್ಲಿ ಗುಡ್ಡದ ಮೇಲಿನ ಮನೆಗಿಂತ ಗದ್ದೆ ಬದಿಯ ಮನೆಗೆ ಚಳಿ ಹೆಚ್ಚು, ಬೆಳಗಿನ ಕಾವಳ ಕೊನೆಗೆ ಕರಗುವುದೂ ಅಲ್ಲಿಯೇ. ಕರಾವಳಿಯಲ್ಲಿ 15 ಡಿಗ್ರಿಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಇಲಾಖೆಯ ಪ್ರಕಾರ ಅದು ಶೀತಗಾಳಿ. ಗುಡ್ಡಗಾಡಿನಲ್ಲಿ ಆ ಹೆಸರು ಬರಬೇಕಾದರೆ ಸೊನ್ನೆಗೆ ಇಳಿಯಬೇಕು. ಬಯಲಾಟದ ರಾತ್ರಿ ಗದ್ದೆಯಲ್ಲಿ ಕುಳಿತು ತಲೆಗೆ ಮಫ್ಲರ್ ಸುತ್ತಿಕೊಳ್ಳುವ ಕುಂದಾಪುರದವರ ಚಳಿ ಸುಳ್ಳಲ್ಲ. ಚಳಿಯನ್ನು ಅವರವರ ನೆಲದಲ್ಲೇ ಅಳೆಯಬೇಕು.

ಇಂಥ ನೆಲದ ಏಳು ದಿನವನ್ನು ಮುಂಚೆಯೇ ಹೇಳುವುದು ಸುಲಭವಲ್ಲ. ಕಂಪ್ಯೂಟರು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೂ ಲೆಕ್ಕ ಹಾಕುತ್ತದೆ. ನಮ್ಮ ದೇಶದ ಜಾಗತಿಕ ಮಾದರಿಯ ಚೌಕ 12 ಕಿಲೋಮೀಟರ್ ಇತ್ತು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನಲ್ಲಿ ಅದು 6 ಕಿಲೋಮೀಟರಿಗೆ ಇಳಿದಿದೆ. ದೊಡ್ಡ ಹೆಜ್ಜೆ ಅದು. ಆದರೆ ಆಗುಂಬೆ ಘಾಟಿಯ 14 ತಿರುವುಗಳು, ಮೇಲಿನ ಊರು, ಬುಡದ ಸೋಮೇಶ್ವರ ಎಲ್ಲ ಅಂಥ ಒಂದೆರಡು ಚೌಕದೊಳಗೇ ಮುಗಿದುಹೋಗುತ್ತವೆ. ಲೆಕ್ಕದ ಕಣ್ಣಿಗೆ ಕಡಿದಾದ ಘಟ್ಟ ಇಳಿಜಾರು ಗದ್ದೆಯಂತೆ ಕಾಣುತ್ತದೆ.

ಇನ್ನೊಂದು ಮಿತಿ ವಾತಾವರಣದ ಸ್ವಭಾವದ್ದೇ. 1961ರಲ್ಲಿ ಎಂ.ಐ.ಟಿ.ಯ ಎಡ್ವರ್ಡ್ ಲೊರೆಂಜ್ ಒಂದು ಹವಾಮಾನ ಲೆಕ್ಕವನ್ನು ಎರಡನೆಯ ಸಲ ಮಾಡಿಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದಷ್ಟೇ ಕೊಟ್ಟರು. ಮೊದಮೊದಲು ಎರಡು ಲೆಕ್ಕಗಳೂ ಜೊತೆಯಾಗಿ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಕೂದಲೆಳೆಯಷ್ಟು ವ್ಯತ್ಯಾಸ ದಿನ ಕಳೆದಂತೆ ಬೆಳೆಯುತ್ತದೆ. ಹಾಗಾಗಿ ಎರಡನೆಯ ದಿನದ ಮಾತಿಗೂ ಏಳನೆಯ ದಿನದ ಮಾತಿಗೂ ಒಂದೇ ತೂಕವಿಲ್ಲ. ಏಳನೆಯ ದಿನದ ‘ಮಳೆ’ ಎಂದರೆ ಕಣ್ಣಿಡಿ ಎಂದು, ಎರಡನೆಯ ದಿನದ ‘ಮಳೆ’ ಎಂದರೆ ಟಾರ್ಪಾಲು ತೆಗೆಯಿರಿ ಎಂದು.

ಹಾಗಂತ ದೂರದ ಸೂಚನೆ ನಿರುಪಯೋಗಿಯಲ್ಲ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಹತ್ತಿತು. ಅದು ಪೂರ್ವ ಕರಾವಳಿಯ ಸುದ್ದಿ, ನಮಗೇನು ಎಂದುಕೊಂಡವರೇ ಹೆಚ್ಚು. ಬಲಗುಂದಿದ ಅದರ ಉಳಿಕೆ ನೆಲದ ಮೇಲೆ ಸಾಗಿ ಡಿಸೆಂಬರ್ ಮೊದಲ ವಾರ ನಮ್ಮ ಕಡಲಿಗೇ ಬಂದು ಸೇರಿತು, ಅಡಿಕೆ ಹರಡಿದ ಅಂಗಳಗಳಲ್ಲಿ ಮಳೆಗಾಲದ ಮಳೆ ಹೊಯ್ಯಿತು. ನಮ್ಮ ಅಂಗಳದಲ್ಲಿ ಅಂದು ಹದಿನೈದು ಬಿಸಿಲಿನ ಅಡಿಕೆ ಇತ್ತು. ಎಚ್ಚರಿಕೆಯನ್ನು ನಾನು ಓದಿದ್ದೆ. ಮಧ್ಯಾಹ್ನದ ಬಿಸಿಲು ನೋಡಿ, ನಾಳೆ ರಾಶಿ ಮಾಡಿದರಾಯಿತು ಎಂದು ಬಿಟ್ಟೆ. ಸಂಜೆ ಮೂಡಣ ಗುಡ್ಡದ ಮೇಲೆ ಮಸಿ ಬಳಿದಂತೆ ಮೋಡ ಕಟ್ಟಿದಾಗ ಮನೆಯವರೆಲ್ಲ ಬುಟ್ಟಿ ಹಿಡಿದು ಓಡಾಡಿದರೂ ಅರ್ಧ ನೆನೆಯಿತು. ಆ ಅರ್ಧದಲ್ಲಿ ಅನೇಕ ಅಡಿಕೆ ಸುಲಿದಾಗ ಒಳಗೆ ಕಪ್ಪಾಗಿತ್ತು. ಮುನ್ಸೂಚನೆ ಸರಿಯಾಗಿಯೇ ಇತ್ತು, ಅದನ್ನು ಅಂಗಳದ ಕೆಲಸವಾಗಿ ಬದಲಿಸುವ ಹೊಣೆ ನನ್ನದಾಗಿತ್ತು.

ಕಡಲಲ್ಲಿ ತಡದ ಬೆಲೆ ಜೀವ. 2017ರ ನವೆಂಬರ್ ಕೊನೆಗೆ ಶ್ರೀಲಂಕಾ ಬಳಿ ಎದ್ದ ಒಖಿ ಒಂದೇ ದಿನದೊಳಗೆ ಕನ್ಯಾಕುಮಾರಿ ಹತ್ತಿರ ಚಂಡಮಾರುತವಾಗಿ ಬೆಳೆಯಿತು. ಎಚ್ಚರಿಕೆ ಹೊರಡುವ ಹೊತ್ತಿಗೆ ಆಳಸಮುದ್ರದ ಬೋಟುಗಳು ಆಗಲೇ ದೂರ ಹೋಗಿದ್ದವು. ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮರಳಲಿಲ್ಲ. ಮಲ್ಪೆ, ಮಂಗಳೂರಿನಿಂದ ವಾರ, ಹತ್ತು ದಿನಕ್ಕೆ ಐಸು ತುಂಬಿಕೊಂಡು ಹೊರಡುವ ಬೋಟಿನವರಿಗೆ ನಾಳೆಯ ಹವೆ ತಿಳಿದರೆ ಸಾಲದು. ದಡ ಬಿಡುವ ಮುಂಚೆ ಇಡೀ ವಾರದ ಮುನ್ನೋಟ ಕೈಯಲ್ಲಿರಬೇಕು, ದಡ ಬಿಟ್ಟ ಮೇಲೂ ಹೊಸ ಮಾತು ಅವರನ್ನು ಮುಟ್ಟುತ್ತಿರಬೇಕು.

ಚಳಿಗಾಲದ ಆಕಾಶವನ್ನು ಹೀಗೆ ಶ್ರದ್ಧೆಯಿಂದ ನೋಡುವುದು ನಮಗೆ ಹೊಸತಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಮೋಡದ ‘ಗರ್ಭಲಕ್ಷಣ’ಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಮಾರ್ಗಶಿರದಿಂದ ಮೊದಲ್ಗೊಂಡು ಗಾಳಿ, ಮೋಡಗಳನ್ನು ನೋಡುತ್ತ ಹೋಗಬೇಕು. ಇಂದು ಕಟ್ಟಿದ ಗರ್ಭ 195 ದಿನಕ್ಕೆ ಮಳೆಯಾಗಿ ಹೆರುತ್ತದೆ ಎಂಬುದು ಅವನ ಮತ. ಇಂದಿನ ವಿಜ್ಞಾನ ಆ ಲೆಕ್ಕವನ್ನು ಒಪ್ಪುವುದಿಲ್ಲ. ಆದರೆ ಹಗಲಿರುಳು ಬಿಡದೆ ನೋಡಬೇಕು ಎಂದು ಅವನು ಹಾಕಿದ ಶಿಸ್ತು ಇಂದಿಗೂ ಬೇಕಾದದ್ದು.

ಆ ಶಿಸ್ತು ಹಳೆಯ ಕಾಫಿ ಎಸ್ಟೇಟುಗಳಲ್ಲಿ ಉಳಿದಿದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ಇಂಚು, ಸೆಂಟಿನಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. “ನಮಗೆ ಎಪ್ಪತ್ತು ಸೆಂಟ್, ಪಕ್ಕದ ತೋಟಕ್ಕೆ ಹತ್ತೇ” ಎಂಬ ಮಾತು ಅಲ್ಲಿ ದಿನನಿತ್ಯದ್ದು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಈಗ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿವೆ. ಪಂಚಾಯಿತಿಯ ಅಂಕಿ ಮತ್ತು ಮನೆಯ ಪುಸ್ತಕ ಒಟ್ಟಿಗಿದ್ದರೆ ‘ಒಂದೆರಡು ಕಡೆ’ ಎಂಬುದರಲ್ಲಿ ನಮ್ಮ ಊರು ಎಷ್ಟು ಸಲ ಸೇರುತ್ತದೆ ಎಂದು ನಾಲ್ಕೈದು ವರ್ಷಗಳಲ್ಲಿ ತಿಳಿಯುತ್ತದೆ. ಕರಾವಳಿಯ ಮನೆಗಳಲ್ಲೂ ಇದು ಆಗಬೇಕು. ಹಾಲಿನ ಲೆಕ್ಕ, ಕೊಯ್ಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಪಡುಗಾಳಿ ಬಂದ ಹೊತ್ತು, ಮೋಡ, ಹನಿ ಬರೆಯಲು ಒಂದು ಸಾಲು ಸಾಕು. ಸರಕಾರದ ಬಳಿ ಕೇಳುವುದೂ ಇದೆ: ವಾರದ ಮುನ್ನೋಟದಲ್ಲಿ ಮಲೆನಾಡಿಗೆ ಅದರದೇ ವಾಕ್ಯವಿರಲಿ, ಆ ವಾಕ್ಯ ಕಣ, ಅಂಗಳ, ಬೋಟಿನ ಮಾತಿನಲ್ಲಿರಲಿ.

ಫೆಂಗಲ್ ಕಳೆದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಗುರುವಾರ ಹೊರಡುವ ಎರಡು ವಾರದ ಮುನ್ನೋಟವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತೇವೆ. ಆಮೇಲೆ ಅಂಗಳ ನೋಡುತ್ತೇವೆ. ಮಳೆ ಬರುವ ಸಂಭವ ಐದರಲ್ಲಿ ಒಂದು ಎನಿಸಿದರೂ ಮೂವತ್ತು ಬಿಸಿಲಿನ ಅಡಿಕೆ ಸಂಜೆಯೊಳಗೆ ಚಾವಡಿಗೆ ಬರಬೇಕು. ಮಳೆ ಬಾರದಿದ್ದರೆ ಕಳೆದುಕೊಳ್ಳುವುದು ಒಂದು ಬಿಸಿಲು, ಬಂದರೆ ಉಳಿಯುವುದು ಮೂವತ್ತು. ನಿನ್ನೆ ಮೊನ್ನೆ ಇಳಿಸಿದ ಹಸಿ ಅಡಿಕೆ ಅಲ್ಲೇ ಇರಲಿ, ಅದಕ್ಕೆ ಎರಡನೆಯ ದಿನದ ಮಾತು ಬರುವವರೆಗೆ ಕಾಯಬಹುದು. ಆಮೇಲೆ ಭಾವನಿಗೆ ಫೋನ್ ಮಾಡುತ್ತೇನೆ. ಮೂಡಣದ ಮೋಡ ಮೊದಲು ಕಾಣುವುದು ಅವನ ಕಣದಿಂದ. ಪಡುವಣದ ಮೋಡವನ್ನು ಮೊದಲು ಹೇಳಬೇಕಾದವನು ನಾನು.