ಹಲ್ಲಿಲ್ಲದವರ ಹಸಿವು

ಬಿಡದಿ ಎಂದೊಡನೆ ನೆನಪಾಗುವುದು ಕಾರ್ಖಾನೆಗಳು ಮತ್ತು ತಟ್ಟೆ ಇಡ್ಲಿ. ಅದೇ ಬಿಡದಿಯ ಸುತ್ತಿನ ರಾಮನಗರ, ಮಾಗಡಿ, ಕನಕಪುರ ಸೀಮೆಯ ಕಾಡಂಚಿನಲ್ಲಿ ಇರುಳಿಗರೆಂಬ ಬುಡಕಟ್ಟಿನ ಜನರಿದ್ದಾರೆ. ಜೇನು, ಗೆಡ್ಡೆ, ಸೊಪ್ಪುಗಳನ್ನು ಕಾಡಿನಿಂದ ಪಡೆದು ಬದುಕಿದ ಈ ಸಮುದಾಯದ ಅನೇಕರು ಇಂದು ಕೂಲಿಯನ್ನೇ ನಂಬಿದ್ದಾರೆ. ಇಂಥವರ ಬಾಯಿಯ ಆರೋಗ್ಯದ ಮಾತು ಬಂದಾಗ ಸುಶಿಕ್ಷಿತರು ಕೊಡುವ ತೀರ್ಪು ಒಂದೇ: 'ಅವರಿಗೆ ಹಲ್ಲುಜ್ಜುವ ಅರಿವಿಲ್ಲ.' ಈ ತೀರ್ಪನ್ನು ನಾವು ಒಪ್ಪಬಾರದು.

ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿಸಿದಾಗ ಹಲ್ಲು ಹುಳುಕಾಗುತ್ತದೆ. ಎಷ್ಟು ಸಕ್ಕರೆ ಎಂಬುದರಷ್ಟೇ ದಿನಕ್ಕೆ ಎಷ್ಟು ಬಾರಿ ಎಂಬುದೂ ಮುಖ್ಯ. ಜೇನೂ ಸಕ್ಕರೆಯೇ. ಆದರೆ ಋತುವಿಗೊಮ್ಮೆ ಸಿಗುವ ಜೇನಿಗೂ, ಕೂಲಿಯ ನಡುವೆ ಹಸಿವನ್ನು ಮುಂದೂಡಲು ಮತ್ತೆ ಮತ್ತೆ ಕುಡಿಯುವ ಸಕ್ಕರೆ ಚಹಾಕ್ಕೂ ಹೋಲಿಕೆಯಿಲ್ಲ. ಕಾಡಿನ ಬಾಗಿಲು ಮುಚ್ಚಿದ ಮೇಲೆ ಬದಲಾದದ್ದು ಅರಿವಲ್ಲ, ಆಹಾರ.

ಇನ್ನೊಂದು ಸಂಗತಿಯನ್ನು ಕೃಷಿವಿಜ್ಞಾನಿಯಾಗಿ ಹೇಳಬೇಕಾಗಿದೆ. ಇದು ರಾಗಿಯ ನಾಡು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಆದ್ದರಿಂದ ಹಲ್ಲು ಕಳೆದುಕೊಂಡವರ ಸಂಕಟ ಇಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಬೇಯಿಸಿದ ಹುರಳಿ, ಅವರೆಕಾಳು, ಮಾಂಸ, ನಾರಿನ ಗೆಡ್ಡೆ ಇವೆಲ್ಲ ಅಗಿಯಲೇಬೇಕಾದವು. ಹಲ್ಲು ಹೋದವರ ಹೊಟ್ಟೆ ತುಂಬೀತು, ಪ್ರೋಟೀನಿನ ಕೊರತೆ ತುಂಬದು. ಹಲ್ಲುನೋವಿನಿಂದ ನಿದ್ದೆಗೆಟ್ಟವನು ಮರುದಿನದ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ಜೀವನಮಟ್ಟವೆಂದರೆ ಇದೇ ಅಲ್ಲವೇ?

ಇನ್ನು ಮಲೆನಾಡಿನ ನಮಗೆ ಕಹಿಯಾದ ಮಾತು. ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿದೆ. ಬಾಯಿ ತೆರೆಯಲಾಗದಂತೆ ಒಳಚರ್ಮ ಬಿಗಿಯುವ ರೋಗಕ್ಕೂ ಅಡಿಕೆಯೇ ಕಾರಣ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲವನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರತೊಡಗಿದರು. ನಮ್ಮ ತೋಟದ ಬೆಲೆ ಏರಿದಾಗ ಹಿಗ್ಗುವ ನಾವು, ಆ ಪೊಟ್ಟಣ ಯಾರ ಬಾಯಿ ಸೇರುತ್ತದೆಂದು ಕೇಳುವುದು ಬೇಡವೇ?

ಶಿಬಿರ ನಡೆಸಿ ಹಲ್ಲು ಕೀಳುವುದು, ಮುಪ್ಪಿನಲ್ಲಿ ಕೃತಕ ದಂತಪಂಕ್ತಿ ಕೊಡುವುದು ಪರಿಹಾರದ ಕೊನೆಯ ತುದಿ ಮಾತ್ರ. ವಿದ್ಯುತ್ ಯಂತ್ರವಿಲ್ಲದೆ, ಕೈಸಲಕರಣೆಯಿಂದಲೇ ಹುಳುಕು ತೆಗೆದು ತುಂಬುವ ವಿಧಾನವಿದೆ. ಅದಕ್ಕೆ ಬೇಕಾದ ಗ್ಲಾಸ್ ಅಯನೊಮರ್ ಸಿಮೆಂಟ್ 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಕಾಡಂಚಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಸೇವೆ ನಿಯಮಿತವಾಗಿ ದೊರೆಯಲಿ. 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯಮಾಡಿರುವ ಕಿರು ಅರಣ್ಯ ಉತ್ಪನ್ನಗಳ ಹಕ್ಕು ಇರುಳಿಗರ ಕೈಗೆ ನಿಜವಾಗಿ ಸೇರಲಿ. ಇವು ಎರಡು ಬೇಡಿಕೆಗಳಲ್ಲ, ಒಂದೇ. ಅನ್ನದ ಮೂಲವನ್ನು ಕಿತ್ತುಕೊಂಡು ಹಲ್ಲುಪುಡಿ ಹಂಚುವುದನ್ನು ಆರೋಗ್ಯ ಸೇವೆ ಎನ್ನಲಾಗದು.