ಒಂದು ದಿನದ ನಂದಿಯಾತ್ರೆ

ಬೆಂಗಳೂರಿನ ವಾಚಕರೊಬ್ಬರು ನಮಗೆ ಪತ್ರ ಬರೆದು, ಬರುವ ರಜಾದಿನಗಳಲ್ಲಿ ಮನೆಮಂದಿಯೆಲ್ಲ ಸೇರಿ ನಂದಿಬೆಟ್ಟಕ್ಕೆ ಹೋಗಿಬರಬೇಕೆಂದಿರುವುದಾಗಿಯೂ, ಒಂದೇ ದಿನದಲ್ಲಿ ಏನೇನನ್ನು ನೋಡಬಹುದೆಂಬುದನ್ನು ಈ ಪುಟದಲ್ಲಿ ತಿಳಿಸಿದರೆ ತಮಗೂ ಇತರ ಗೃಹಸ್ಥರಿಗೂ ಉಪಕಾರವಾದೀತೆಂದೂ ಕೇಳಿದ್ದಾರೆ. ಪತ್ರದೊಡನೆ ಅವರೇ ಒಂದು ಪಟ್ಟಿಯನ್ನೂ ಇಟ್ಟಿದ್ದಾರೆ: ಬೆಟ್ಟದ ಮೇಲಿನ ಸೂರ್ಯೋದಯ, ಟಿಪ್ಪುವಿನ ಕೋಟೆ, ಭೋಗನಂದೀಶ್ವರನ ದೇವಾಲಯ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ, ಸ್ಕಂದಗಿರಿ, ಹಿಂದಿರುಗುವಾಗ ದೇವನಹಳ್ಳಿಯ ಕೋಟೆ. ಪಟ್ಟಿಯೇನೋ ಅಚ್ಚುಕಟ್ಟಾಗಿದೆ. ಆದರೆ ಮನೆಮಂದಿಯೆಂದರೆ ಯಾರು ಯಾರು, ಎಷ್ಟೆಷ್ಟು ವಯಸ್ಸಿನವರು, ಎಂಬ ಸಂಗತಿ ಮಾತ್ರ ಪತ್ರದಲ್ಲಿ ಎಲ್ಲಿಯೂ ಇಲ್ಲ. ಇಂಥದೇ ಪಟ್ಟಿಯೊಂದನ್ನು ನಾವೂ ಒಮ್ಮೆ ಬರೆದಿದ್ದೆವಾದುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ನಂದಿದುರ್ಗವು ಬೆಂಗಳೂರಿಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿ, 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಹೆಬ್ಬಾಳ, ಯಲಹಂಕ, ದೇವನಹಳ್ಳಿಗಳ ಮೇಲೆ ಹೆದ್ದಾರಿಯಲ್ಲಿ ಹೋಗಿ ಎಡಕ್ಕೆ ತಿರುಗಬೇಕು. ಬೆಟ್ಟದ ತುದಿ ಸಮುದ್ರಮಟ್ಟಕ್ಕಿಂತ 1,478 ಮೀಟರು, ಹಳೆಯ ಲೆಕ್ಕದಲ್ಲಿ 4,851 ಅಡಿ, ಎತ್ತರವಾದುದು. ಬೆಂಗಳೂರೇ 900 ಮೀಟರಿಗೆ ಮಿಕ್ಕ ಎತ್ತರದಲ್ಲಿರುವುದರಿಂದ ಊರಿನವರಿಗೆ ಇದು ಮಹಾಪರ್ವತವೆಂದು ತೋರಲಾರದು. ಆದರೂ ಮೇಲಿನ ಹವೆ ಮೂರು ನಾಲ್ಕು ಡಿಗ್ರಿ ತಂಪು. ಗಾಳಿ ಎದ್ದರೆ ಇನ್ನೂ ಹೆಚ್ಚು. ಮೈಸೂರು ಸೀಮೆಯ ಕಮೀಷನರಾಗಿ 1834ರಿಂದ 1861ರ ವರೆಗೆ ಆಳಿದ ಕಬ್ಬನ್ ಸಾಹೇಬರು ಬೇಸಗೆಯನ್ನು ಇಲ್ಲಿ ಕಳೆಯುತ್ತಿದ್ದುದು ಇದಕ್ಕಾಗಿಯೇ.

ಇನ್ನು ನಮ್ಮ ಪಟ್ಟಿಯ ಕಥೆ. ಉಪಾಧ್ಯಾಯವೃತ್ತಿಯಿಂದ ನಾವು ನಿವೃತ್ತರಾದ ವರ್ಷ, ಕಾರ್ತಿಕಮಾಸದಲ್ಲಿ, ಮಕ್ಕಳಿಬ್ಬರು, ಸೊಸೆ, ಒಂಬತ್ತು ವರ್ಷದ ಮೊಮ್ಮಗ, ನಮ್ಮ ಮನೆಯವರು, ಇಷ್ಟು ಮಂದಿ ನಂದಿಗೆ ಹೊರಟೆವು. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿಯನ್ನು ಬರೆದ ಕೈ ಸುಮ್ಮನಿದ್ದೀತೆ? ಗಂಟೆ ಗಂಟೆಗೂ ಒಂದೊಂದು ಸ್ಥಳವನ್ನು ಗೊತ್ತುಮಾಡಿ ಗೆರೆ ಎಳೆದು ಇಟ್ಟಿದ್ದೆವು. ಬೆಳಗಿನ ನಾಲ್ಕಕ್ಕೆ ಬಾಡಿಗೆಯ ಮೋಟಾರು ಬಂದಿತು. ಬೆಟ್ಟದ ಬುಡದಲ್ಲಿರುವ ನಂದಿ ಗ್ರಾಮವನ್ನು ಸೇರಿದಾಗ ಇನ್ನೂ ಕತ್ತಲೆ ಹರಿದಿರಲಿಲ್ಲ. ಆಗ ಹುಡುಗರು, ಸುಲ್ತಾನಪೇಟೆಯ ಕಡೆಯಿಂದ ಹಳೆಯ ಕಾಲುದಾರಿಯಲ್ಲಿ ಮೆಟ್ಟಿಲು ಹತ್ತಿಯೇ ಹೋಗೋಣವೆಂದರು. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳು. ನಮಗೂ ಹತ್ತಿ ತೋರಿಸಬೇಕೆಂಬ ಹುಮ್ಮಸ್ಸು ಬಂದಿತು. ನಮ್ಮ ಮನೆಯವರಿಗೆ ಮಂಡಿನೋವು. ಮೋಟಾರಿನಲ್ಲಿಯೇ ಮೇಲಕ್ಕೆ ಬರುತ್ತೇನೆಂದು ಅವರು ಅಂದರು. "ಮೇಲೂ ನಡೆಯಬೇಕಲ್ಲ, ಒಬ್ಬಳೇ ಬಂದು ಏನು ಮಾಡುತ್ತೀಯೆ? ದೇವಸ್ಥಾನದಲ್ಲಿ ಕುಳಿತಿರು, ಎರಡು ಗಂಟೆಯಲ್ಲಿ ಬಂದುಬಿಡುತ್ತೇವೆ" ಎಂದು ನಾವೇ ನಿರ್ಣಯ ಕೊಟ್ಟೆವು. ಅವರನ್ನು ಭೋಗನಂದೀಶ್ವರನ ಬಾಗಿಲಲ್ಲಿ ಇಳಿಸಿ ನಾವು ಮೆಟ್ಟಿಲ ಬುಡಕ್ಕೆ ಹೋದೆವು. ಮೋಟಾರು ಸುತ್ತು ದಾರಿಯಲ್ಲಿ ಮೇಲಕ್ಕೆ ಹೋಯಿತು. ಮೋಟಾರಿನಲ್ಲಿದ್ದ ಬುತ್ತಿಯ ಬುಟ್ಟಿಯೂ ಅದರೊಡನೆ ಹೋಯಿತು.

ಸೂರ್ಯೋದಯವನ್ನು ನಾವು ಕಾಣಲಿಲ್ಲ. ಅರ್ಧ ದಾರಿಯಲ್ಲಿಯೇ ಬೆಳಗಾಯಿತು. ಮೇಲೆ ಹೋದರೆ ಎದುರಿಗಿರುವ ಮರವೂ ಕಾಣದಷ್ಟು ಮಂಜು. ಮಂಜು ಕರಗುವ ತನಕ ಕಾದು, ತಿಂಡಿ ತಿಂದು, ಕೋಟೆಯನ್ನು ಸುತ್ತಿ, ಕೆಳಗಿಳಿದು ಬರುವ ಹೊತ್ತಿಗೆ ಎರಡು ಗಂಟೆಯ ಮಾತು ಆರು ಗಂಟೆಯಾಗಿತ್ತು. ಅವರ ಕೈಯಲ್ಲಿ ಮೊಬೈಲು ಫೋನಿತ್ತು, ನಮ್ಮ ಕೈಯಲ್ಲಿಯೂ ಇತ್ತು. ನಾವು ಕರೆಯಲಿಲ್ಲ. ಅವರು ಹೂವು ಮಾರುವವಳ ಹತ್ತಿರ ಎರಡು ಬಾಳೆಹಣ್ಣು ಕೊಂಡು ತಿಂದು ಜಗಲಿಯ ಮೇಲೆ ಕುಳಿತಿದ್ದರು. ಕೋಪವನ್ನೇನೂ ತೋರಿಸಲಿಲ್ಲ. "ಬೆಟ್ಟ ಚೆನ್ನಾಗಿತ್ತೆ?" ಎಂದು ಕೇಳಿದರು, ಅಷ್ಟೆ. ಕೆಲವು ವಾರಗಳ ಮೇಲೆ ಮೇಲುಕೋಟೆಗೆ ಹೋಗುವ ಮಾತು ಬಂದಾಗ, "ನೀವೆಲ್ಲ ಹೋಗಿಬನ್ನಿ, ಕಾಯುವುದೇ ಆದರೆ ಮನೆಯಲ್ಲಿಯೇ ಕಾಯಬಹುದಲ್ಲ" ಎಂದುಬಿಟ್ಟರು. ಸೊಸೆ ತಲೆತಗ್ಗಿಸಿದಳು. ನಾವು ವರ್ತಮಾನಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಹಿಡಿದುಕೊಂಡೆವು.

ವ್ಯಾಕರಣ ಓದಿದವರಿಗೆ ಇಲ್ಲಿ ಇನ್ನೊಂದು ನಾಚಿಕೆಯುಂಟು. ಭೋಗ ಎಂಬ ಶಬ್ದ 'ಭುಜ್' ಧಾತುವಿನಿಂದ ಬಂದುದು. ಆ ಧಾತುವಿಗೆ ಉಣ್ಣುವುದು, ಕಾಪಾಡುವುದು ಎಂಬ ಎರಡು ಅರ್ಥಗಳನ್ನು ವೈಯಾಕರಣರು ಹೇಳುತ್ತಾರೆ. ಇದನ್ನು ಎಷ್ಟೋ ತರಗತಿಗಳಿಗೆ ಪಾಠ ಹೇಳಿದ ನಾವು, ಭೋಗನಂದೀಶ್ವರನ ಬಾಗಿಲಿನಲ್ಲಿಯೇ ಎರಡು ಅರ್ಥಗಳನ್ನೂ ಮರೆತಿದ್ದೆವು.

ಕಳೆದ ಪುಷ್ಯಮಾಸದಲ್ಲಿ ಎರಡನೆಯ ಸಲ ಹೋದೆವು. ಈ ಸಲ ಪಟ್ಟಿಯನ್ನು ಬರೆಯಲಿಲ್ಲ. ಅವರು ಒಂದು ಸಲಕ್ಕೆ ಎಷ್ಟು ದೂರ ನಡೆಯಬಲ್ಲರು, ಎಷ್ಟು ಹೊತ್ತಿಗೊಮ್ಮೆ ಕುಳಿತುಕೊಳ್ಳಬೇಕು, ಮಾತ್ರೆ ಯಾವಾಗ, ಎಂಬುದನ್ನು ಕೇಳಿಕೊಂಡು, ಉಳಿದುದನ್ನೆಲ್ಲ ಅದರ ಸುತ್ತ ಹೊಂದಿಸಿದೆವು. ಬೆಳಗಿನ ಆರಕ್ಕೆ ಹೊರಟು, ಮೊದಲು ನೋಡಿದ್ದು ಕೆಳಗಿನ ದೇವಾಲಯವನ್ನು. ಅಲ್ಲಿ ದಾರಿ ತೋರಿಸಿದವರು ನಮ್ಮ ಮನೆಯವರೇ. ಆ ಆರು ಗಂಟೆಗಳಲ್ಲಿ ಅವರು ಒಂದೊಂದು ಕಂಬವನ್ನೂ ನೋಡಿ ಇಟ್ಟಿದ್ದರು.

ಬೆಟ್ಟಕ್ಕೆ ಹೋಗುವ ಜನರಲ್ಲಿ ಅನೇಕರು ಈ ದೇವಾಲಯವನ್ನು ಹಿಂದಿರುಗುವಾಗ ಹೊತ್ತು ಮಿಕ್ಕರೆ ನೋಡೋಣವೆಂದು ಬಿಟ್ಟುಬಿಡುತ್ತಾರೆ. ಇದು ಬಹು ದೊಡ್ಡ ತಪ್ಪು. ಇದನ್ನು ಕುರಿತ ಹಳೆಯ ಶಾಸನ ಕ್ರಿ.ಶ. 806ರ ಸುಮಾರಿನದು, ರಾಷ್ಟ್ರಕೂಟರ ಮೂರನೆಯ ಗೋವಿಂದನ ಕಾಲದ್ದು. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದಮೇಲೊಬ್ಬರು ಇದಕ್ಕೆ ಕೈ ಸೇರಿಸಿದ್ದಾರೆ. ಗಂಗರಸರಿಗಂತೂ ಈ ಬೆಟ್ಟ ಬಿರುದೇ ಆಗಿತ್ತು: ಶಾಸನಗಳಲ್ಲಿ ಅವರು ತಮ್ಮನ್ನು ನಂದಗಿರಿನಾಥರೆಂದು ಕರೆದುಕೊಂಡಿದ್ದಾರೆ. ಒಂದೇ ಆವರಣದೊಳಗೆ ಎರಡು ದೊಡ್ಡ ಗುಡಿಗಳು ಅಕ್ಕಪಕ್ಕದಲ್ಲಿ ನಿಂತಿವೆ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ. ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ಮೇಲಿರುವ ಯೋಗನಂದೀಶ್ವರನು ವೈರಾಗ್ಯ, ಎಂಬುದು ಸ್ಥಳದ ನಂಬಿಕೆ. ಹಾಗಾದರೆ ಕೆಳಗಿನದನ್ನು ನೋಡದೆ ನೇರವಾಗಿ ಮೇಲಕ್ಕೆ ಹೋಗುವವರು ಬಾಲ್ಯ ಯೌವನಗಳಿಲ್ಲದೆ ಸಂನ್ಯಾಸ ಹಿಡಿದಂತಾಯಿತಷ್ಟೆ!

ಎರಡು ಗುಡಿಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿಯಿದೆ. ಅದರ ಮುಂದಿನ ಕಲ್ಯಾಣಮಂಟಪವೇ ನಮ್ಮ ಮನೆಯವರಿಗೆ ಮೆಚ್ಚಾದುದು. ಕಪ್ಪುಕಲ್ಲಿನ ಕಂಬಗಳ ಮೇಲೆ ದೇವತಾದಂಪತಿಗಳು: ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ. ನಾಲ್ಕನೆಯ ದಂಪತಿಗಳು ಯಾರೆಂದು ಅವರು ನಮ್ಮನ್ನು ಕೇಳಿದರು. ನಾವು ಕನ್ನಡಕವನ್ನು ಸರಿಮಾಡಿಕೊಂಡು ನೋಡುತ್ತಿರುವಷ್ಟರಲ್ಲಿ, "ಅಗ್ನಿಯೂ ಸ್ವಾಹಾದೇವಿಯೂ. ಆವತ್ತು ಅರ್ಚಕರು ಹೇಳಿದರು" ಎಂದರು. ಹೋಮದಲ್ಲಿ ಸಾವಿರ ಸಲ ಸ್ವಾಹಾ ಎಂದಿದ್ದರೂ ಆಕೆಯ ಮುಖವನ್ನು ನಾವು ಕಂಡಿದ್ದು ಅಂದೇ. ಸುತ್ತಲೂ ಬಳ್ಳಿಗಳು, ಹಕ್ಕಿಗಳು, ಬೆರಳಿನಿಂದ ಮುಟ್ಟಿದರೆ ನುಣ್ಣಗೆ ಹತ್ತುವಷ್ಟು ನಯವಾದ ಕೆಲಸ. ಗುಡಿಯ ಗೋಡೆಯಲ್ಲಿ ಬೆಳಕಿಗಾಗಿ ಕೊರೆದ ಕಲ್ಲುಜಾಲಂಧ್ರಗಳಲ್ಲಿ ಒಂದರಲ್ಲಿ ಶಿವನು ಕುಣಿಯುತ್ತಾನೆ, ಒಂದರಲ್ಲಿ ದುರ್ಗೆಯು ಮಹಿಷನ ತಲೆಯ ಮೇಲೆ ನಿಂತಿದ್ದಾಳೆ. ಪಕ್ಕದ ಪ್ರಾಕಾರದಲ್ಲಿ ಶೃಂಗೀತೀರ್ಥವೆಂಬ ದೊಡ್ಡ ಕಲ್ಯಾಣಿ; ನಾಲ್ಕು ಕಡೆಯೂ ಮೆಟ್ಟಿಲು. ಮೊಮ್ಮಗನು ಮೆಟ್ಟಿಲುಗಳನ್ನು ಎಣಿಸತೊಡಗಿ ನಡುವೆ ಲೆಕ್ಕ ತಪ್ಪಿ ಮೊದಲಿನಿಂದ ಎಣಿಸುತ್ತಿದ್ದನು. ಕಲ್ಲು ಪಾಚಿಗಟ್ಟಿದ್ದರೆ ಮಕ್ಕಳ ಕೈಹಿಡಿದಿರುವುದು ಒಳ್ಳೆಯದು. ಬೆಳಗಿನ ಹೊತ್ತು ಇಲ್ಲಿ ನೆರಳೂ ಇದೆ, ಜಗಲಿಯೂ ಇದೆ, ಜನವೂ ಕಡಿಮೆ. ಶಿವರಾತ್ರಿಯ ಜಾತ್ರೆಯ ದಿನಗಳು ಮಾತ್ರ ಬೇರೆ; ಆಗ ತೇರು ನೋಡಲು ಹೋಗಬೇಕು, ಶಿಲ್ಪ ನೋಡಲಲ್ಲ.

ಹತ್ತು ಗಂಟೆಯ ಮೇಲೆ, ಮಂಜು ಕರಗಿದಮೇಲೆ, ಮೋಟಾರಿನಲ್ಲಿ ಬೆಟ್ಟಕ್ಕೆ. ದಾರಿಯಲ್ಲಿ ತಿರುವುಗಳು ಬಹಳ; ಹೊಟ್ಟೆ ತೊಳಸುವವರನ್ನು ಮುಂದಿನ ಆಸನದಲ್ಲಿ ಕೂರಿಸಬೇಕು. 2021ರ ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡ ಜರಿದು ಈ ದಾರಿ ಕೊಚ್ಚಿಹೋಗಿ ತಿಂಗಳುಗಟ್ಟಲೆ ಮುಚ್ಚಿತ್ತಾದುದರಿಂದ, ಮಳೆಗಾಲದಲ್ಲಿ ಹೊರಡುವ ಮುನ್ನ ವಿಚಾರಿಸಿಕೊಳ್ಳತಕ್ಕದ್ದು. ಭಾನುವಾರದ ನೂಕುನುಗ್ಗಲನ್ನು ತಪ್ಪಿಸಿ ವಾರದ ನಡುವೆ ಹೋಗಲು ಸಾಧ್ಯವಾದರೆ ಅರ್ಧ ಆಯಾಸ ಕಡಿಮೆಯಾಗುತ್ತದೆ.

ಮೇಲಿನ ಕೋಟೆ ಮೊದಲು ಚಿಕ್ಕಬಳ್ಳಾಪುರದ ಪಾಳೆಯಗಾರರದು. ಹೈದರನೂ ಟಿಪ್ಪುವೂ ಅದನ್ನು ಬಲಪಡಿಸಿದರು. ಮೂರು ಕಡೆ ಕಡಿದಾದ ಬಂಡೆ. ಇದನ್ನು ಯಾರೂ ಹತ್ತಲಾರರೆಂಬ ಧೈರ್ಯದಿಂದಿದ್ದಾಗಲೇ 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯದವರು ದಿನಗಟ್ಟಲೆ ಶ್ರಮಪಟ್ಟು ಫಿರಂಗಿಗಳನ್ನು ಎಳೆದು ತಂದು, ಗೋಡೆಯೊಡೆದು, ರಾತ್ರಿಯಲ್ಲಿ ನುಗ್ಗಿ ಹಿಡಿದರು. ಟಿಪ್ಪುವಿನ ಹೆಸರಿನ ಕಡಿಬಂಡೆಯಿಂದ ಅಪರಾಧಿಗಳನ್ನು ಕೆಳಕ್ಕೆ ದೂಡುತ್ತಿದ್ದರೆಂದು ಹೇಳುತ್ತಾರೆ. ಹೇಳುವವರ ಮಾತನ್ನು ಕೇಳಬಹುದು. ಕಟಕಟೆಯನ್ನು ದಾಟಿ ಬಗ್ಗಿ ನೋಡಕೂಡದು. ನಮ್ಮ ಮನೆಯವರು ಅಲ್ಲಿಗೆ ಬರಲಿಲ್ಲ. ಅಮೃತಸರೋವರದ ಹತ್ತಿರ ಮರದ ನೆರಳಿನಲ್ಲಿ ಕುಳಿತರು. ಈ ಸಲ ಒಬ್ಬೊಬ್ಬರಾಗಿ ಸರದಿಯ ಮೇಲೆ ನಾವೆಲ್ಲ ಜೊತೆಯಲ್ಲಿದ್ದೆವು, ಬುತ್ತಿಯೂ ಅಲ್ಲಿಯೇ ಇತ್ತು. ಬುತ್ತಿಯ ವಿಷಯದಲ್ಲಿ ಒಂದು ಮಾತು: ಕಪಿಗಳಿಗೆ ಕೈಚೀಲ ಕಂಡರೆ ಸಾಕು. ಪುಳಿಯೋಗರೆ, ಮೊಸರನ್ನಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಗಳಲ್ಲಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ತೆಗೆಯಬೇಕು. ಕೋಡುಬಳೆಯ ಪೊಟ್ಟಣವೊಂದನ್ನು ಕಳೆದುಕೊಂಡೇ ನಾವು ಇದನ್ನು ಕಲಿತೆವು.

ಮೊಮ್ಮಗನಿಗೆ ಅಲ್ಲಿ ಒಂದು ಸಂಗತಿಯನ್ನು ಹೇಳಿದೆವು. ಅರ್ಕಾವತಿ ನದಿ ಹುಟ್ಟುವುದು ಈ ಬೆಟ್ಟದಲ್ಲಿ. ಹೆಸರಘಟ್ಟದ ಕೆರೆಗೂ, 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೂ ನೀರು ಬಂದುದು ಅದರಿಂದಲೇ. ಕಾವೇರಿಯ ನೀರು ನಗರಕ್ಕೆ ಬರುವುದಕ್ಕೆ ಮೊದಲು ಬೆಂಗಳೂರಿನ ಮನೆಗಳ ನಲ್ಲಿಗಳಲ್ಲಿ ಬರುತ್ತಿದ್ದುದು ಇದೇ. ಅವನು ಬಂಡೆಯ ಸಂದಿನ ತೇವವನ್ನು ಮುಟ್ಟಿ ನೋಡಿ, "ಅಜ್ಜಿ, ನೀನು ಚಿಕ್ಕವಳಾಗಿದ್ದಾಗ ಕುಡಿದದ್ದು ಇದೇನಾ?" ಎಂದು ಕೇಳಿದನು. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದ ಅಜ್ಜಿ ಹೌದೆಂದರು.

ನಾಲ್ಕು ಗಂಟೆಗೆ ಕೆಳಗಿಳಿದೆವು. ಮುದ್ದೇನಹಳ್ಳಿಯೂ ಕೋಟೆಯೂ ಉಳಿದುಹೋದುವು. ದೇವನಹಳ್ಳಿಯಲ್ಲಿ ಚಕ್ಕೋತ ಕೊಳ್ಳಲು ಮಾತ್ರ ನಿಂತೆವು. ಹಣ್ಣನ್ನು ಕೈಯಲ್ಲಿ ತೂಗಿ ನೋಡಿ ಆರಿಸಿದವರು ನಮ್ಮ ಮನೆಯವರು. ಆರಿಸುತ್ತ, ಮೇಲುಕೋಟೆಯಲ್ಲಿ ಮೆಟ್ಟಿಲು ಎಷ್ಟಿವೆಯೆಂದು ನಮ್ಮನ್ನು ಕೇಳಿದರು.

ಪತ್ರ ಬರೆದ ಮಹಾಶಯರಿಗೆ ನಮ್ಮ ಉತ್ತರವಿಷ್ಟು: ಸ್ಕಂದಗಿರಿಯನ್ನು ಪಟ್ಟಿಯಿಂದ ಹೊಡೆದುಹಾಕಿ, ಹುಡುಗರು ಬೇಕಾದರೆ ಮುಂಚಿತವಾಗಿ ಅನುಮತಿ ಪಡೆದು ಬೇರೊಂದು ದಿನ ಹತ್ತಿಕೊಳ್ಳಲಿ. ದೇವಾಲಯವನ್ನು ಬೆಳಗಿಗೂ ಬೆಟ್ಟವನ್ನು ನಡುಹಗಲಿಗೂ ಇಡಿ. ಮುದ್ದೇನಹಳ್ಳಿಯನ್ನೂ ದೇವನಹಳ್ಳಿಯನ್ನೂ ಅಂದಿನ ಕಾಲುಗಳ ಮರ್ಜಿಗೆ ಬಿಡಿ. ಎಷ್ಟು ಹೊತ್ತಿಗೆ ಹೊರಡಬೇಕೆಂಬ ತಮ್ಮ ಮುಖ್ಯವಾದ ಪ್ರಶ್ನೆಗೆ ಮಾತ್ರ ಉತ್ತರವನ್ನು ಈಗಲೇ ಕೊಡಲಾರೆವು. ತಮ್ಮ ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರು, ಅವರು ಬೆಳಗಿನ ಕಾಫಿಯನ್ನು ಎಷ್ಟು ಗಂಟೆಗೆ ಕುಡಿಯುತ್ತಾರೆ, ಎಂಬುದನ್ನು ಬರೆದು ಕಳುಹಿಸಿದರೆ ಮರುಟಪಾಲಿನಲ್ಲಿ ತಿಳಿಸುತ್ತೇವೆ.