ಆಶ್ಲೇಷ ಮಳೆಗೂ ನಿಲ್ಲದ ಚಾರ್ಜರ್ ಬೇಕು

ಬೆಂಗಳೂರಿನಿಂದ ಹೊರಟ ಎಲೆಕ್ಟ್ರಿಕ್ ಕಾರು ಹಾಸನ ಮುಟ್ಟುವುದು ಈಗ ಸುದ್ದಿಯೇ ಅಲ್ಲ. ರಾಷ್ಟ್ರೀಯ ಹೆದ್ದಾರಿ 75ರ ಆಸುಪಾಸಿನ ಹೋಟೆಲುಗಳ ಅಂಗಳದಲ್ಲಿ, ಬಂಕುಗಳ ಮೂಲೆಯಲ್ಲಿ ಫಾಸ್ಟ್ ಚಾರ್ಜರುಗಳು ನಿಂತಿವೆ. ತಿಂಡಿ ತಿಂದು ಕಾಫಿ ಕುಡಿದು ಏಳುವಷ್ಟರಲ್ಲಿ ಮುಂದಿನ ದಾರಿಗೆ ಸಾಕಾಗುವಷ್ಟು ಚಾರ್ಜ್ ಆಗಿರುತ್ತದೆ. ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬಸ್ಸುಗಳಿಗೂ ಬೆಂಗಳೂರು–ಚಿಕ್ಕಮಗಳೂರು ದಾರಿ ಗೊತ್ತು. ತೊಡಕು ಶುರುವಾಗುವುದು ಅಲ್ಲಿಂದಾಚೆಗೆ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಒಂದು ದಿಕ್ಕು. ಆಲ್ದೂರು, ಬಾಳೆಹೊನ್ನೂರು, ಕಳಸ, ಹೊರನಾಡು ಇನ್ನೊಂದು ದಿಕ್ಕು. ರಜೆ ಬಂತೆಂದರೆ ಈ ಎರಡೂ ದಿಕ್ಕಿನಲ್ಲಿ ಕಾರುಗಳ ಸಾಲು. ಅವುಗಳಲ್ಲಿ ಹಸಿರು ನಂಬರ್ ಪ್ಲೇಟಿನವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಬೇಲೂರು ದಾಟಿದ ಮೇಲೆ ಅವುಗಳ ಚಾಲಕರ ಕಣ್ಣು ರಸ್ತೆಗಿಂತ ಹೆಚ್ಚಾಗಿ ಬ್ಯಾಟರಿಯ ಶೇಕಡಾವಾರಿನ ಮೇಲೇ ಇರುತ್ತದೆ.

ನಿಯಮಕ್ಕೇನೂ ಕೊರತೆಯಿಲ್ಲ. ಎಲೆಕ್ಟ್ರಿಕ್ ವಾಹನಗಳಿಗೆಂದು ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಕೇಂದ್ರ ವಿದ್ಯುತ್ ಸಚಿವಾಲಯ 2018ರ ಡಿಸೆಂಬರ್‌ನಲ್ಲಿ ಹೊರಡಿಸಿ ಮರುವರ್ಷ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರ ಇರಬೇಕಿತ್ತು. ದೂರ ಸಾಗುವ, ಭಾರದ ವಾಹನಗಳಿಗೆ 100 ಕಿಲೋಮೀಟರಿಗೊಂದು. ಬಯಲುಸೀಮೆಗೆ ಇದು ಒಪ್ಪುವ ಲೆಕ್ಕ. ಆದರೆ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಗುರುತು ಹಾಕಿದವರಿಗೆ ಘಾಟಿ ಕಾಣಿಸಿಲ್ಲ.

ಚಾರ್ಮಾಡಿಯನ್ನೇ ನೋಡಿ. ಕೆಳಗಿನ ಚಾರ್ಮಾಡಿ ಊರಿನಿಂದ ಮೇಲಿನ ಕೊಟ್ಟಿಗೆಹಾರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಷ್ಟರಲ್ಲಿ ರಸ್ತೆ ಸುಮಾರು ಎಂಟುನೂರು ಮೀಟರ್ ಮೇಲೇರುತ್ತದೆ. ಜನ, ಸಾಮಾನು ಎಲ್ಲ ಸೇರಿ 1,750 ಕಿಲೋ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಮಾಮೂಲಿ ಓಟಕ್ಕೆ ಖರ್ಚಾಗುವುದು ಬೇರೆ. ಯೂನಿಟ್ಟಿಗೆ ಏಳು ಕಿಲೋಮೀಟರ್ ಕೊಡುವ ಕಾರಿಗೆ ನಾಲ್ಕು ಯೂನಿಟ್ ಅಂದರೆ ಬಯಲಿನ ಇಪ್ಪತ್ತೆಂಟು ಕಿಲೋಮೀಟರ್. ಹೀಗಾಗಿ ಮಂಗಳೂರು ಕಡೆಯಿಂದ ಹತ್ತಿ ಬರುವವರಿಗೆ ಘಾಟಿಯ ದೂರ ಹೆಚ್ಚೂಕಡಿಮೆ ಎರಡರಷ್ಟು.

ಇಳಿಯುವವರ ಕಥೆ ತದ್ವಿರುದ್ಧ. ಇಳಿಜಾರಿನಲ್ಲಿ ಕಾರಿನ ಮೋಟಾರೇ ಡೈನಮೋ ಆಗಿ, ವೇಗವನ್ನೂ ತಡೆದು, ಒಂದಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಮೇಲೆ ಫುಲ್ ಚಾರ್ಜ್ ಮಾಡಿಕೊಂಡು ಇಳಿದರೆ ಆ ವಿದ್ಯುತ್ತನ್ನು ಇಡುವುದಕ್ಕೆ ಎಡೆಯಿಲ್ಲ, ಮೋಟಾರಿನ ತಡೆಯೂ ಸಿಗುವುದಿಲ್ಲ. ಹೇರ್‌ಪಿನ್ ತಿರುವುಗಳಲ್ಲಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಎಲ್ಲರೂ ನಿಲ್ಲುತ್ತಾರೆ, ದೊಡ್ಡ ಚಾರ್ಜರನ್ನು ಅಲ್ಲೇ ಹಾಕೋಣ ಎಂದು ಯಾರಿಗಾದರೂ ಅನಿಸುವುದು ಸಹಜ. ನನ್ನ ಪ್ರಕಾರ ಅಲ್ಲಿಗೆ ಚಿಕ್ಕದೊಂದು ಸಾಕು. ದೊಡ್ಡದು ಇರಬೇಕಾದದ್ದು ಘಾಟಿ ಹತ್ತುವ ಮೊದಲು ಉಜಿರೆಯಲ್ಲಿ, ಮತ್ತು ಹತ್ತಿದ ಮೇಲೆ ದಾರಿಗಳು ಕವಲೊಡೆಯುವ ಮೂಡಿಗೆರೆಯಲ್ಲಿ. ಮೂರನೆಯದು ಕಳಸದಲ್ಲಿ. ಕಳಸದಿಂದ ಮುಂದಿರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಚಾರ್ಜ್ ಮುಗಿದರೆ ಕೇಳುವವರಿಲ್ಲ. ಹಾಗೆಂದು ಕಾಡಿನೊಳಗೆ ಚಾರ್ಜರ್ ಹಾಕುವ ಯೋಚನೆ ಯಾರಿಗೂ ಬಾರದಿರಲಿ. ವರ್ಷಗಟ್ಟಲೆ ಹೋರಾಟ ನಡೆದು, ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಅದಿರು ಗಣಿಗಾರಿಕೆ ನಿಂತ ನೆಲ ಅದು. ಅಲ್ಲಿಗೆ ಮತ್ತೆ ಫ್ಲಡ್‌ಲೈಟು, ಕಾರುಗಳ ಕ್ಯೂ, ಚಿಪ್ಸ್ ಅಂಗಡಿ ಬೇಡ.

ಜಾಗ ಸಿಕ್ಕಿತು ಎನ್ನೋಣ. ಕರೆಂಟು? ನಮ್ಮ ಹಳ್ಳಿಗಳ ಟ್ರಾನ್ಸ್‌ಫಾರ್ಮರುಗಳು (ಟಿಸಿ) ಬಹುಪಾಲು 25, 63, ಇಲ್ಲವೇ 100 ಕೆವಿಎ ಸಾಮರ್ಥ್ಯದವು. ಹೆದ್ದಾರಿಯಲ್ಲಿ ಮಾಮೂಲಿ ಎನಿಸಿಕೊಂಡಿರುವ 60 ಕಿಲೋವ್ಯಾಟ್ ಚಾರ್ಜರ್ ಒಂದೇ ಒಂದು 63 ಕೆವಿಎ ಟಿಸಿಯನ್ನು ಪೂರ್ತಿ ನುಂಗಿಬಿಡುತ್ತದೆ. ಅದೇ ಟಿಸಿಯಿಂದ ಮನೆಗಳ ದೀಪ, ಹಿಟ್ಟಿನ ಗಿರಣಿ, ತೋಟದ ಮೋಟಾರು ಎಲ್ಲವೂ ನಡೆಯಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂ ನೀರು ಕೊಡಲು ಸ್ಪ್ರಿಂಕ್ಲರ್ ಹೂಡುವ ದಿನಗಳಲ್ಲಿ ವೋಲ್ಟೇಜ್ ಎಷ್ಟು ಇಳಿಯುತ್ತದೆಂದು ಬೆಳೆಗಾರರನ್ನು ಕೇಳಿ. ಆ ಹೊತ್ತಿನಲ್ಲಿ ಪ್ರವಾಸಿಗರ ಕಾರಿಗೆ ಕರೆಂಟು ಹರಿದು ತೋಟದ ಮೋಟಾರು ನಿಂತರೆ ಊರವರು ಆ ಚಾರ್ಜರನ್ನು ತಮ್ಮದೆಂದು ಒಪ್ಪುವುದಿಲ್ಲ. ಒಪ್ಪಬೇಕೆಂದು ಹೇಳುವ ಹಕ್ಕೂ ಯಾರಿಗೂ ಇಲ್ಲ.

ಇದಕ್ಕೆ ದಾರಿ ಇದೆ. ಚಾರ್ಜರಿನ ಜೊತೆಗೇ ದೊಡ್ಡ ಬ್ಯಾಟರಿ ಇಟ್ಟು, ಲೈನಿನಿಂದ ಹತ್ತೋ ಹದಿನೈದೋ ಕಿಲೋವ್ಯಾಟನ್ನು ಇಡೀ ದಿನ ನಿಧಾನವಾಗಿ ಎಳೆದುಕೊಂಡು, ಕಾರು ಬಂದಾಗ ಅರವತ್ತರ ವೇಗದಲ್ಲಿ ಕೊಡುವ ವ್ಯವಸ್ಥೆಗಳಿವೆ. ಬೆಲೆ ಹೆಚ್ಚು, ನಿಜ. ಆದರೆ ಲೈನು ಹೋದಾಗಲೂ ನಾಲ್ಕಾರು ಕಾರುಗಳನ್ನು ಸಾಗಹಾಕುವ ಶಕ್ತಿ ಅದಕ್ಕಿದೆ. ಮಲೆನಾಡಿನಲ್ಲಿ ಸಬ್ಸಿಡಿ ಎಂದು ಕೊಡುವುದಾದರೆ ಈ ಬ್ಯಾಟರಿಗೇ ಕೊಡಬೇಕು. ಕೇಂದ್ರ ಸರ್ಕಾರದ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ರೂಪಾಯಿ ಎತ್ತಿಟ್ಟಿದ್ದಾರೆ. ಬಯಲಿಗೂ ಬೆಟ್ಟಕ್ಕೂ ಒಂದೇ ಅಳತೆಯ ಯಂತ್ರವನ್ನು ಹಂಚಿದರೆ ಆ ದುಡ್ಡು ಇಲ್ಲಿ ತುಕ್ಕು ಹಿಡಿಯುತ್ತದೆ.

ಮಳೆಯ ಮಾತಿಗೆ ಬರಲೇಬೇಕು. 2019ರ ಆಗಸ್ಟ್, ಆಶ್ಲೇಷ ಮಳೆಯ ದಿನಗಳು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳ ಮೇಲೆ ಗುಡ್ಡವೇ ಜಾರಿತು. ಚಾರ್ಮಾಡಿ ಘಾಟಿ ಹಲವೆಡೆ ಕುಸಿದು, ಭಾರದ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತು. ಅಂಥ ದುರಂತವಿಲ್ಲದ ವರ್ಷವೂ ಆರಿದ್ರಾದಿಂದ ಆಶ್ಲೇಷದವರೆಗೆ ಇಲ್ಲಿ ಕರೆಂಟು ಊರಿಗೆ ಬಂದು ಹೋಗುವ ನೆಂಟ. ತೋಟದ ನೆರಳಿನ ಮರಗಳ ನಡುವೆಯೇ 11 ಕೆವಿ ಲೈನು ಹಾದುಹೋಗುತ್ತದೆ. ಗಾಳಿಗೆ ಸಿಲ್ವರ್ ಓಕಿನ ಒಂದು ಕೊಂಬೆ ಮುರಿದರೂ ಸಾಕು, ಹತ್ತು ಹಳ್ಳಿ ಕತ್ತಲು. ಜಿಗಣೆ ಕಚ್ಚಿಸಿಕೊಂಡು, ಸೊಂಟಮಟ್ಟದ ಹಳ್ಳ ದಾಟಿ, ಕಂಬ ಹತ್ತುವ ಮೆಸ್ಕಾಂ ಲೈನ್‌ಮನ್‌ಗಳನ್ನು ಬೈಯುವವರು ಒಮ್ಮೆ ಅವರ ಹಿಂದೆ ನಡೆದು ನೋಡಬೇಕು. ಅವರ ದುಡಿಮೆಯಲ್ಲಿ ಕೊರತೆಯಿಲ್ಲ. ಬರಿ ತಂತಿಯ ಬದಲು ಹೊದಿಕೆಯ ಕೇಬಲ್ ಎಳೆಯುವುದಕ್ಕೆ ಹಣ ಕೊಡದವರಲ್ಲಿ ಕೊರತೆಯಿದೆ. ಸಬ್‌ಸ್ಟೇಷನ್‌ನಿಂದ ಚಾರ್ಜಿಂಗ್ ಕೇಂದ್ರದವರೆಗಾದರೂ ಹೊದಿಕೆಯ ಕೇಬಲ್ ಹಾಕಿದರೆ ಆ ದಾರಿಯ ಆಸ್ಪತ್ರೆ, ಹಾಸ್ಟೆಲ್, ಕುಡಿಯುವ ನೀರಿನ ಪಂಪುಗಳಿಗೂ ಮಳೆಗಾಲದಲ್ಲಿ ಕರೆಂಟು ತಪ್ಪದೆ ಸಿಗುತ್ತದೆ. ಎಲೆಕ್ಟ್ರಿಕ್ ಕಾರಿನ ನೆಪದಲ್ಲಿ ಊರಿಗೆ ಸಿಗಬಹುದಾದ ನಿಜವಾದ ಲಾಭ ಇದು. ನಾನು ಈ ವಿಷಯದ ಬಗ್ಗೆ ಬರೆಯಲು ಕೂತಿದ್ದೂ ಇದಕ್ಕಾಗಿಯೇ. ರಾಜ್ಯಕ್ಕೆ 1,035 ಮೆಗಾವ್ಯಾಟ್ ಕೊಡುವ ಶರಾವತಿ ವಿದ್ಯುದಾಗಾರ ಇರುವುದು ಮಲೆನಾಡಿನಲ್ಲಿ. ಅದಕ್ಕಾಗಿ ಮುಳುಗಿದ್ದು ಮಲೆನಾಡಿನ ಊರುಗಳು. ಮಳೆಗಾಲಕ್ಕೆ ತಡೆಯುವ ಒಂದು ಲೈನನ್ನು ಈ ಸೀಮೆ ಕೇಳಿದರೆ ಅದು ಅತಿಯಾಸೆಯಲ್ಲ.

ಫಾಸ್ಟ್ ಚಾರ್ಜರಿನ ಗದ್ದಲದಲ್ಲಿ ನಾವು ಮರೆತಿರುವುದು ಗೋಡೆಯ ಮೇಲಿನ 15 ಆ್ಯಂಪ್ ಸಾಕೆಟ್ಟನ್ನು. ನಲವತ್ತು ಯೂನಿಟ್ ಬ್ಯಾಟರಿಯ ಕಾರನ್ನು ಶೇಕಡಾ ಹತ್ತರಿಂದ ಎಂಬತ್ತಕ್ಕೆ ಏರಿಸಲು ಇಪ್ಪತ್ತೆಂಟು ಯೂನಿಟ್ ಬೇಕು. ಫಾಸ್ಟ್ ಚಾರ್ಜರ್ ಇದನ್ನು ಮುಕ್ಕಾಲು ಗಂಟೆಯಲ್ಲಿ ಕೊಟ್ಟರೆ, ಸಾಕೆಟ್ ಇಡೀ ರಾತ್ರಿಯಲ್ಲಿ ಕೊಡುತ್ತದೆ. ಎಳೆಯುವುದು ಒಂದು ಗೀಸರಿನಷ್ಟು ಕರೆಂಟು ಮಾತ್ರ. ಚಿಕ್ಕಮಗಳೂರು ಜಿಲ್ಲೆಗೆ ಬರುವವರು ಹೆದ್ದಾರಿಯಲ್ಲಿ ಸುಮ್ಮನೆ ಹಾದುಹೋಗುವವರಲ್ಲ, ರಾತ್ರಿ ತಂಗುವವರು. ಹೋಂಸ್ಟೇಯಲ್ಲಿ ಊಟ ಮಾಡಿ ಮಲಗಿ ಬೆಳಿಗ್ಗೆ ಏಳುವುದರೊಳಗೆ ಕಳಸದಿಂದ ಹಾಸನ ಮುಟ್ಟುವಷ್ಟು ಚಾರ್ಜ್ ತುಂಬಿರುತ್ತದೆ. ಇದಕ್ಕೆ ಲೈಸೆನ್ಸೂ ಬೇಡ. ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ 2018ರಲ್ಲೇ ಸ್ಪಷ್ಟಪಡಿಸಿದೆ.

ಆದರೆ ಹಳೆಯ ತೋಟದ ಮನೆಗಳ ವೈರಿಂಗ್ ಆಯುಷ್ಯ ಮುಗಿದದ್ದು. ಅದಕ್ಕಿಂತ ಮುಖ್ಯವಾದದ್ದು ಅರ್ತಿಂಗ್. ಅರ್ತ್ ಸರಿಯಿಲ್ಲದಿದ್ದರೆ ಬಹಳಷ್ಟು ಕಾರುಗಳು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ, ಕೆಂಪು ದೀಪ ಹಾಕಿಕೊಂಡು ಕೂರುತ್ತವೆ. ಮಳೆಗಾಲದಲ್ಲಿ ಸರಿಯಾಗಿದ್ದ ಅರ್ತ್ ಏಪ್ರಿಲ್‌ನಲ್ಲಿ ಗುಂಡಿ ಒಣಗಿದಾಗ ಕೈಕೊಡುತ್ತದೆ. ಇದ್ದಿಲು, ಉಪ್ಪು ಹಾಕಿ ಗುಂಡಿಯನ್ನು ಹೊಸದು ಮಾಡಬೇಕು, ಬೇಸಿಗೆಯಲ್ಲಿ ಅದಕ್ಕೆ ನೀರು ಬಿಡುತ್ತಿರಬೇಕು. ಕಾರಿಗೇ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ, ಗುಡುಗು ಸಿಡಿಲಿನ ಸೀಮೆಯಾದ್ದರಿಂದ ಸರ್ಜ್ ಪ್ರೊಟೆಕ್ಟರ್. ಹೋಂಸ್ಟೇ ನೋಂದಣಿಗೆ ಬಂದವರಿಗೆ ಪ್ರವಾಸೋದ್ಯಮ ಇಲಾಖೆ ಇಷ್ಟನ್ನು ಹೇಳಿಕೊಟ್ಟು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿದರೆ ಸಾಕು. ಎಕ್ಸ್‌ಟೆನ್ಶನ್ ಬೋರ್ಡನ್ನು ಕಿಟಕಿಯಿಂದ ಎಳೆದು ಮಳೆಯಲ್ಲಿ ಕಾರಿಗೆ ಚುಚ್ಚುವ ಅಪಾಯ ತಪ್ಪುತ್ತದೆ.

ಚಾರ್ಜರ್ ನಡೆಸುವ ಕಂಪನಿಗಳಿಗೂ ಒಂದು ಮಾತು. ನಿಮ್ಮ ಯಂತ್ರ ಶುರುವಾಗಬೇಕಾದರೆ ಆ್ಯಪ್ ತೆರೆಯಬೇಕು, ಒಟಿಪಿ ಬರಬೇಕು, ವಾಲೆಟ್ಟಿಗೆ ದುಡ್ಡು ಹಾಕಬೇಕು. ಕಳಸ, ಕುದುರೆಮುಖದ ಕಡೆ ಎಷ್ಟೋ ತಿರುವುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಪಕ್ಕದಲ್ಲೊಬ್ಬ ಮನುಷ್ಯ ಇದ್ದು, ನಗದು ತೆಗೆದುಕೊಂಡು, ಕಾರ್ಡ್ ಮುಟ್ಟಿಸಿ ಯಂತ್ರ ಚಾಲೂ ಮಾಡುವ ವ್ಯವಸ್ಥೆ ಇಲ್ಲಿ ಇರಲೇಬೇಕು. ಕಾಡಾನೆ ತಿರುಗಾಡುವ ಮೂಡಿಗೆರೆ ಸೀಮೆಯಲ್ಲಿ ಸಂಜೆ ಏಳರ ಮೇಲೆ ದೀಪವಿಲ್ಲದ, ಜನವಿಲ್ಲದ ಮೂಲೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಕಾಯಿರಿ ಎಂದು ಯಾರಿಗೂ ಹೇಳಲಾಗದು.

ಆ ಮನುಷ್ಯ ಯಾರಾಗಬೇಕು ಎಂಬುದಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತುಹೋದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕುಗಳೇ ಮಾಲೀಕರು. ಸರ್ಕಾರಿ ಬಸ್ಸು ತಲೆಹಾಕದ ಊರುಗಳಿಗೆಲ್ಲ ಆ ಬಸ್ಸು ಹೋಯಿತು. ಶಾಲೆ ಮಕ್ಕಳನ್ನು, ರೋಗಿಗಳನ್ನು, ಅಡಿಕೆ ಮೂಟೆಯನ್ನು ಹೊತ್ತು ತಿರುಗಿತು. ಸುಮಾರು ಮೂರು ದಶಕ ನಡೆದು 2020ರಲ್ಲಿ ನಿಂತಿತು. ಏರಿದ ಡೀಸೆಲ್ ಬೆಲೆ ಅದರ ಬೆನ್ನು ಮುರಿದ ಕಾರಣಗಳಲ್ಲಿ ಒಂದು. ಅದು ನಿಂತ ನೋವು ಮಲೆನಾಡಿನಲ್ಲಿ ಇನ್ನೂ ಆರಿಲ್ಲ. ಹೊರಗಿನ ಕಂಪನಿಯ ಯಂತ್ರ ಕೆಟ್ಟರೆ ರಿಪೇರಿಯವನು ಬೆಂಗಳೂರಿನಿಂದ ಬರಬೇಕು. ಊರಿನ ಸಹಕಾರ ಸಂಘದ ಯಂತ್ರ ಕೆಟ್ಟರೆ ಸಂಘದ ಕಾರ್ಯದರ್ಶಿಯನ್ನು ಸಂತೆಯಲ್ಲೇ ಹಿಡಿದು ಕೇಳಬಹುದು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಪೆಟ್ರೋಲ್ ಬಂಕ್ ನಡೆಸಲು 2023ರ ಮಾದರಿ ಬೈಲಾ ದಾರಿ ಮಾಡಿಕೊಟ್ಟಿದೆ. ಚಾರ್ಜಿಂಗ್ ಕೇಂದ್ರವನ್ನೂ ಅವುಗಳಿಗೆ ವಹಿಸಲು ಏನಡ್ಡಿ? ಬಂದ ಲಾಭ ಊರಲ್ಲೇ ಉಳಿಯುತ್ತದೆ. ಪ್ರವಾಸಿಗರಿಲ್ಲದ ತಿಂಗಳುಗಳಲ್ಲಿ ಊರಿನ ಎಲೆಕ್ಟ್ರಿಕ್ ಆಟೋಗಳಿಗೆ, ನಾಳೆ ಬರಬಹುದಾದ ಶಾಲಾ ವಾಹನಗಳಿಗೆ ಕಡಿಮೆ ದರದಲ್ಲಿ ಕೊಡುವ ತೀರ್ಮಾನವನ್ನು ಸಂಘದ ಸಭೆಯೇ ಮಾಡಬಹುದು.

ಬೆಂಗಳೂರಿನಿಂದ ಬೇಲೂರು ದಾರಿಯಾಗಿ ಮಂಗಳೂರಿಗೆ ಹೋಗುವ ಕಾರು ಬೆಸ್ಕಾಂ, ಸೆಸ್ಕ್, ಮೆಸ್ಕಾಂ ಎಂಬ ಮೂರು ವಿದ್ಯುತ್ ಕಂಪನಿಗಳ ಸೀಮೆ ದಾಟುತ್ತದೆ. ಚಾರ್ಜಿಂಗ್ ಕೇಂದ್ರಗಳ ವಿಷಯದಲ್ಲಿ ರಾಜ್ಯದ ನೋಡಲ್ ಸಂಸ್ಥೆ ಬೆಸ್ಕಾಂ. ಎಷ್ಟು ಕೇಂದ್ರ ಹಾಕಿದ್ದೇವೆ ಎಂಬ ಲೆಕ್ಕ ಸರ್ಕಾರ ಆಗಾಗ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆಯ, ಕಳಸದ, ಉಜಿರೆಯ ಪ್ರತಿ ಚಾರ್ಜರ್ ಎಷ್ಟು ಗಂಟೆ ನಡೆಯಿತು, ಎಷ್ಟು ಗಂಟೆ ಸತ್ತಿತ್ತು, ಯಂತ್ರ ಕೆಟ್ಟೋ ಲೈನು ಬಿದ್ದೋ ಎಂಬ ಲೆಕ್ಕವನ್ನೂ ಈ ಮೂರೂ ಕಂಪನಿಗಳು ಪ್ರಕಟಿಸಲಿ. ಸಬ್ಸಿಡಿಯ ಕೊನೆಯ ಕಂತನ್ನು ಯಂತ್ರ ನಿಲ್ಲಿಸಿ ಟೇಪು ಕತ್ತರಿಸಿದ ದಿನ ಕೊಡುವುದು ಬೇಡ. ಆ ಯಂತ್ರ ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ, ಈ ಲೆಕ್ಕ ನೋಡಿ ಕೊಡಲಿ.